ಉಡುಪಿನ ಒಳಮಗ್ಗುಲ ಚರಿತ್ರೆ

ರಾಣಿಯೊಬ್ಬಳ ಚಿತ್ರಪಟವನ್ನು ನೋಡಿ, ಆ ಕಾಲದ ಹೆಂಗಸರು ಹೀಗೆ ಉಡುತ್ತಿದ್ದರು ಎಂದು ಹೇಳಿಬಿಡುವುದು ಸುಲಭ. ಚರಿತ್ರೆಯ ಪಠ್ಯಪುಸ್ತಕಗಳು ಹಾಗೆಯೇ ಹೇಳುತ್ತಾ ಬಂದಿವೆ. ಸಿನಿಮಾ ಮತ್ತು ಧಾರಾವಾಹಿಗಳಂತೂ ಅದನ್ನೇ ನಂಬಿಕೊಂಡಿವೆ. ಆದರೆ ಚಿತ್ರಪಟ ತೋರಿಸುವುದು ಉಡುಪಿನ ಹೊರಮೈಯನ್ನು ಮಾತ್ರ. ಅದನ್ನು ಕತ್ತರಿಸಿದ್ದು ಹೇಗೆ, ಎಷ್ಟು ಬಟ್ಟೆ ಹಿಡಿಯಿತು, ತೋಳಿಗೆ ಬಟ್ಟೆ ಸಾಲದಾದಾಗ ಎಲ್ಲಿಂದ ತುಂಡು ತಂದು ಜೋಡಿಸಿದರು, ಮೈ ತುಂಬಿಕೊಂಡಾಗ ಎಲ್ಲಿ ಹೊಲಿಗೆ ಬಿಚ್ಚಿ ಅಗಲ ಮಾಡಿದರು ಎಂಬುದೆಲ್ಲ ಇರುವುದು ಒಳಮಗ್ಗುಲಲ್ಲಿ. ಹೊಲಿಗೆ ಬಲ್ಲವರು ಯಾವ ಉಡುಪನ್ನು ಕೈಗೆತ್ತಿಕೊಂಡರೂ ಮೊದಲು ಅದನ್ನು ಮಗುಚಿ ನೋಡುತ್ತಾರೆ. ಹೆಂಗಸರ ಉಡುಪಿನ ಚರಿತ್ರೆ ಗಂಭೀರ ಅಧ್ಯಯನವಾಗಿ ಬೆಳೆಯುವುದರಲ್ಲಿ ಹೀಗೆ ಮಗುಚಿ ನೋಡುವ ಅಭ್ಯಾಸದ ಪಾಲು ದೊಡ್ಡದು.

ಈ ಕ್ಷೇತ್ರದಲ್ಲಿ ಇಬ್ಬರು ಇಂಗ್ಲಿಷ್ ವಿದ್ವಾಂಸರ ಕೆಲಸವನ್ನು ಅಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು. ಒಬ್ಬರು ಜಾನೆಟ್ ಆರ್ನಾಲ್ಡ್, ಇನ್ನೊಬ್ಬರು ಜಾನ್ ಸ್ಟೈಲ್ಸ್. ಒಬ್ಬರ ಕೈಯಲ್ಲಿದ್ದುದು ಇಡೀ ಉಡುಪು, ಇನ್ನೊಬ್ಬರಿಗೆ ಸಿಕ್ಕಿದ್ದು ಅಂಗೈಯಷ್ಟು ಚೂರು. ಒಬ್ಬರ ಬರಹದಲ್ಲಿ ಹೊಲಿದ ಕೈ ಕಾಣುತ್ತದೆ, ಇನ್ನೊಬ್ಬರ ಬರಹದಲ್ಲಿ ಉಟ್ಟ ಬಡತನ ಕಾಣುತ್ತದೆ. ಒಂದಿಲ್ಲದೆ ಇನ್ನೊಂದು ಅರ್ಧ ಚರಿತ್ರೆ ಎಂಬುದು ಈ ಲೇಖನದ ವಾದ.

ಚೌಕಳಿ ಕಾಗದದ ಮೇಲೆ

ಜಾನೆಟ್ ಆರ್ನಾಲ್ಡ್ (1932-1998) ಅವರ 'ಪ್ಯಾಟರ್ನ್ಸ್ ಆಫ್ ಫ್ಯಾಶನ್' ಮಾಲೆಯ ಮೊದಲ ಸಂಪುಟ 1964ರಲ್ಲಿ ಬಂತು. 1660ರಿಂದ 1860ರವರೆಗಿನ ಇಂಗ್ಲಿಷ್ ಮಹಿಳೆಯರ ಗೌನುಗಳು ಅದರ ವಸ್ತು. ಎರಡನೆಯ ಸಂಪುಟ ಅಲ್ಲಿಂದ 1940ರವರೆಗೆ ಸಾಗುತ್ತದೆ. ವಸ್ತುಸಂಗ್ರಹಾಲಯಗಳಿಗೆ ಹೋಗಿ ಉಳಿದುಬಂದ ಉಡುಪುಗಳನ್ನು ಒಂದೊಂದಾಗಿ ಅಳೆದು, ಪ್ರತಿಯೊಂದು ತುಂಡಿನ ಆಕಾರವನ್ನು ಚೌಕಳಿ ಕಾಗದದ ಮೇಲೆ ಇಳಿಸಿದವರು ಅವರು. ಉಡುಪಿನ ಒಂದು ಇಂಚು ಕಾಗದದಲ್ಲಿ ಇಂಚಿನ ಎಂಟನೆಯ ಒಂದು ಪಾಲು. ನಕ್ಷೆಯ ಪಕ್ಕದಲ್ಲೇ ನೆರಿಗೆ ಯಾವ ಕಡೆಗೆ ಮಡಿಸಿದೆ, ಅಸ್ತರಿ ಎಲ್ಲಿ ಕೂಡಿದೆ, ಎಲ್ಲಿ ತುಂಡು ಜೋಡಿಸಿದ್ದಾರೆ ಎಂಬ ಟಿಪ್ಪಣಿಗಳು. ಈ ಪುಸ್ತಕಗಳನ್ನು ಓದಿ ಮುಗಿಸಿದವರು ಅಲ್ಲಿರುವುದನ್ನು ಹೊಲಿದೂ ನೋಡಬಹುದು. ವಿದ್ವತ್ತನ್ನು ಕತ್ತರಿ ಹಿಡಿದು ಪರೀಕ್ಷಿಸಲು ಬಿಡುವ ಇಂತಹ ಗ್ರಂಥಗಳು ಅಪರೂಪ.

1985ರಲ್ಲಿ ಬಂದ ಮೂರನೆಯ ಸಂಪುಟ ಹಿಂದಕ್ಕೆ, 1560ರಿಂದ 1620ರವರೆಗಿನ ಕಾಲಕ್ಕೆ ಹೋಗುತ್ತದೆ. ಅದರಲ್ಲಿರುವ ಒಂದು ಉಡುಪಿನ ಕತೆಯನ್ನು ಇಲ್ಲಿ ಹೇಳಲೇಬೇಕು. ಇಟಲಿಯ ಫ್ಲಾರೆನ್ಸಿನ ಆಳರಸನ ಪತ್ನಿ ಎಲಿಯೊನೋರಾ ತೀರಿಕೊಂಡದ್ದು 1562ರಲ್ಲಿ. ಬ್ರೊಂಜಿನೊ ಎಂಬ ಚಿತ್ರಕಾರ ಬರೆದ ಆಕೆಯ ಪಟ ಜಗತ್ಪ್ರಸಿದ್ಧ. ಕಪ್ಪು ಮತ್ತು ಬಂಗಾರದ ಬಣ್ಣದ ದೊಡ್ಡ ದೊಡ್ಡ ವಿನ್ಯಾಸಗಳ ಭಾರೀ ಉಡುಪು ಅದರಲ್ಲಿದೆ. ಆ ಉಡುಪಿನಲ್ಲೇ ಆಕೆಯನ್ನು ಹೂಳಲಾಯಿತು ಎಂದು ಬಹುಕಾಲ ಜನ ನಂಬಿದ್ದರು. 1947ರಲ್ಲಿ ಗೋರಿಯನ್ನು ತೆರೆದಾಗ ಸಿಕ್ಕಿದ್ದು ಬೇರೆಯೇ ಉಡುಪು. ಅಂಚಿನಲ್ಲಿ ಕಸೂತಿಯಿದ್ದ ಸ್ಯಾಟಿನ್ನಿನ ಗೌನು. ಹಲವು ಕಡೆ ಅದು ಕೊಳೆತು ಚಿಂದಿಯಾಗಿತ್ತು. ಸಂರಕ್ಷಕರು ಆ ಚಿಂದಿಯನ್ನು ಜೋಡಿಸಿ ಉಳಿಸಿದರು, ಆರ್ನಾಲ್ಡ್ ಅದರ ಕಟಿಂಗನ್ನು ಕಾಗದಕ್ಕೆ ತಂದರು. ಚಿತ್ರಪಟ ಕಟ್ಟಿದ್ದ ಕತೆಯನ್ನು ಬಟ್ಟೆಯ ಸಾಕ್ಷ್ಯ ಹೀಗೆ ಅಳಿಸಿಹಾಕಿತು.

ಆರ್ನಾಲ್ಡ್ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ಒಳಂಗಿ ಮತ್ತು ಲಿನನ್ ಉಡುಪುಗಳ ನಾಲ್ಕನೆಯ ಸಂಪುಟವನ್ನು ಜೆನ್ನಿ ಟಿರಮಾನಿ ಮತ್ತು ಸಾಂಟಿನಾ ಲೀವಿ ಪೂರ್ಣಗೊಳಿಸಿ 2008ರಲ್ಲಿ ಹೊರತಂದರು. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ಕಾಲದ ಉಡುಪುಗಳನ್ನು ಆ ಕಾಲದ ವಿಧಾನದಲ್ಲೇ ಕೈಯಿಂದ ಹೊಲಿಸಿದವರು ಇದೇ ಟಿರಮಾನಿ. ಅಲ್ಲಿ ನಟರು ಅದನ್ನು ತೊಟ್ಟು ನಡೆದಾಗ, ಕೂತಾಗ, ಬಾಗಿದಾಗ ಆ ಉಡುಪು ಏನು ಮಾಡಲು ಬಿಡುತ್ತದೆ, ಏನನ್ನು ತಡೆಯುತ್ತದೆ ಎಂಬುದೂ ಗೊತ್ತಾಗುತ್ತದೆ. ಗಾಜಿನ ಪೆಟ್ಟಿಗೆಯೊಳಗಿನ ಉಡುಪು ಇದನ್ನು ಹೇಳಲಾರದು.

ಹೊಲಿಗೆ ಏನು ಹೇಳುತ್ತದೆ?

ಹದಿನೆಂಟನೆಯ ಶತಮಾನದ ಗೌನೊಂದನ್ನು ಮಗುಚಿ ನೋಡಿದವರಿಗೆ ಮೊದಲು ಅಚ್ಚರಿಯಾಗುತ್ತದೆ. ಮೈಗೆ ಬಿಗಿಯಾಗಿ ಕೂರುವ ಭಾಗದಲ್ಲಿ, ಎಳೆತ ಬೀಳುವ ಕಡೆ, ಹೊಲಿಗೆ ಒತ್ತಾಗಿ ಗಟ್ಟಿಯಾಗಿದೆ. ಆದರೆ ಲಂಗದ ಉದ್ದನೆಯ ಜೋಡುಗಳಲ್ಲಿ ಹೊಲಿಗೆ ದೂರದೂರ. ಇದು ಸೋಮಾರಿತನವೆಂದು ತಿಳಿದರೆ ತಪ್ಪು. ಆಗ ಬಟ್ಟೆಯ ಬೆಲೆ ಹೆಚ್ಚು, ಹೊಲಿಯುವವಳ ಕೂಲಿ ಕಡಿಮೆ. ಇಂದು ಹೊಲಿದ ಗೌನನ್ನು ಕೆಲವು ವರ್ಷಗಳ ನಂತರ ಬಿಚ್ಚಿ, ಬಟ್ಟೆಯನ್ನು ಒಗೆದು ಅಥವಾ ಮಗುಚಿ, ಹೊಸ ರೀತಿಯಲ್ಲಿ ಹೊಲಿಸಬೇಕು. ಸುಲಭವಾಗಿ ಬಿಚ್ಚಿಕೊಳ್ಳಲಿ ಎಂದೇ ಆ ದೂರದ ಹೊಲಿಗೆ. ಅದೇ ಕಾರಣಕ್ಕೆ ಬಟ್ಟೆಯ ಪನ್ನವನ್ನು ಸಾಧ್ಯವಾದಷ್ಟು ಕತ್ತರಿಸದೆ ನೆರಿಗೆ ಹಿಡಿದು ಕೂರಿಸುತ್ತಿದ್ದರು. ರೇಷ್ಮೆಯ ಪನ್ನ ಸುಮಾರು 20 ಇಂಚು ಮಾತ್ರ ಇದ್ದುದರಿಂದ ತೋಳಿನಲ್ಲಿ, ಕಂಕುಳಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಸೇರಿಸಬೇಕಾಗುತ್ತಿತ್ತು. ಶ್ರೀಮಂತರ ಗೌನುಗಳಲ್ಲೂ ಈ ತುಂಡುಗಳಿವೆ. ಹರಿದದ್ದಕ್ಕೆ ಹಾಕಿದ ತೇಪೆಯಲ್ಲ ಅದು. ಒಂದು ಗಿರೆ ಬಟ್ಟೆಯನ್ನೂ ಹಾಳುಮಾಡಬಾರದೆಂಬ ಲೆಕ್ಕಾಚಾರ.

ಹೊಲಿಗೆ ಯಂತ್ರ ಬರುವ ಮೊದಲು ಇದನ್ನೆಲ್ಲ ಹೊಲಿದವರು ಯಾರು? ಹೆಂಗಸರ ಗೌನು ಹೊಲಿಯುವ ಕಸುಬು ಆಗಿನ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಇತ್ತು. ಅವರು ಕಾಗದದ ನಕ್ಷೆಗಿಂತ ಹೆಚ್ಚಾಗಿ ಕಣ್ಣಳತೆಯನ್ನು ನಂಬಿ, ಬಟ್ಟೆಯನ್ನು ನೇರವಾಗಿ ಗಿರಾಕಿಯ ಮೈಮೇಲೆ ಹೊದಿಸಿ, ಗುಂಡುಸೂಜಿ ಚುಚ್ಚಿ ಆಕಾರ ಕೊಡುತ್ತಿದ್ದರು. ಆ ಜ್ಞಾನ ಎಲ್ಲಿಯೂ ಬರಹವಾಗಿ ಉಳಿಯದೆ ಹೋಯಿತು. ಅದರ ದಾಖಲೆ ಏನಿದ್ದರೂ ನೂಲಿನ ಸಾಲುಗಳಲ್ಲಿದೆ. ಹಿಂದಿನವರ ಹೊಲಿಗೆಯನ್ನು ಮತ್ತೆ ಹೊಲಿದು ನೋಡುವ ಸಂಶೋಧಕಿ ನಿಜವಾಗಿ ಮಾಡುತ್ತಿರುವುದು ಅಕ್ಷರ ಬಾರದವರ ಬರಹವನ್ನು ಓದುವ ಕೆಲಸ. ವೇಷಭೂಷಣದ ಶೋಕಿಯೆಂದು ಇದನ್ನು ತಳ್ಳಿಹಾಕುವವರು ಈ ಮಾತನ್ನು ಯೋಚಿಸಬೇಕು.

ಹಾಗಿದ್ದರೂ ಆರ್ನಾಲ್ಡರ ಸಂಪುಟಗಳನ್ನು ಮುಗಿಸಿದಾಗ ಒಂದು ಕೊರತೆ ಕಾಡುತ್ತದೆ. ಅಲ್ಲಿರುವುದು ಹೆಚ್ಚಾಗಿ ಉಳಿದುಬಂದ ಇಡೀ ಉಡುಪುಗಳು. ಇಡಿಯಾಗಿ ಉಳಿಯುವ ಉಡುಪು ಯಾವುದು? ಪೆಟ್ಟಿಗೆಯಲ್ಲಿಟ್ಟು ಕಾಪಾಡಲು ಜಾಗವೂ ಅನುಕೂಲವೂ ಇದ್ದವರದ್ದು. ಮದುವೆಗೆ, ದರಬಾರಿಗೆ ಉಟ್ಟು ತೆಗೆದಿರಿಸಿದ್ದು. ಮನೆಗೆಲಸದ ಹುಡುಗಿಯ, ತರಕಾರಿ ಮಾರುವವಳ, ಬಟ್ಟೆ ಒಗೆಯುವವಳ ಉಡುಪು ಉಳಿಯುವುದಿಲ್ಲ. ಅದು ಸವೆಯುವವರೆಗೆ ಮೈಮೇಲಿರುತ್ತದೆ, ನಂತರ ಮಗುವಿನ ಅಂಗಿಯಾಗುತ್ತದೆ, ಆಮೇಲೆ ಒರೆಸುವ ಅರಿವೆ, ಕೊನೆಗೆ ಚಿಂದಿ. ಆ ಕಾಲದಲ್ಲಿ ಯುರೋಪಿನ ಕಾಗದ ತಯಾರಾಗುತ್ತಿದ್ದುದೇ ಚಿಂದಿಯಿಂದ. ಬಡವರ ಲಿನನ್ ಉಡುಪು ಕಾಗದವಾಗಿ, ಅದರ ಮೇಲೆ ಬೇರೆ ಯಾರದೋ ಚರಿತ್ರೆ ಬರೆಯಲ್ಪಟ್ಟಿತು ಎಂದರೆ ಉತ್ಪ್ರೇಕ್ಷೆಯಲ್ಲ.

ತಬ್ಬಲಿ ಮಕ್ಕಳ ದಫ್ತರ

ಇಲ್ಲಿಯೇ ಜಾನ್ ಸ್ಟೈಲ್ಸರ ಕೆಲಸ ಮುಖ್ಯವಾಗುವುದು. 2007ರಲ್ಲಿ ಪ್ರಕಟವಾದ 'ದ ಡ್ರೆಸ್ ಆಫ್ ದ ಪೀಪಲ್' ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಾಮಾನ್ಯರ ಉಡುಪಿನ ಚರಿತ್ರೆ. ಅದಕ್ಕೆ ಅವರು ಬಳಸಿಕೊಂಡ ಆಕರಗಳಲ್ಲಿ ಒಂದು ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ದಫ್ತರ. ಹೆಸರು ಆಸ್ಪತ್ರೆಯೆಂದಿದ್ದರೂ ಅದು ಸಾಕಲಾಗದ ತಾಯಂದಿರು ಬಿಟ್ಟುಹೋದ ಎಳೆಯ ಮಕ್ಕಳ ಆಶ್ರಯಧಾಮ. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ವರ್ಷಗಟ್ಟಲೆ ಓಡಾಡಿ 1739ರಲ್ಲಿ ಅದಕ್ಕೆ ಅರಸನ ಸನ್ನದು ಪಡೆದ. 1741ರಲ್ಲಿ ಮೊದಲ ಮಕ್ಕಳನ್ನು ತೆಗೆದುಕೊಳ್ಳಲಾಯಿತು.

ತಾಯಿ ಹೆಸರು ಹೇಳಬೇಕಾಗಿರಲಿಲ್ಲ. ಮಗುವಿಗೆ ಬೇರೆ ಹೆಸರಿಡುತ್ತಿದ್ದರು. ಮುಂದೆಂದಾದರೂ ಆಕೆ ಮರಳಿ ಬಂದು ಮಗುವನ್ನು ಕೇಳಿದರೆ ಗುರುತಿಸುವುದು ಹೇಗೆ? ಅದಕ್ಕಾಗಿ ಮಗುವಿನ ಮೈಮೇಲಿದ್ದ ಬಟ್ಟೆಗಳನ್ನು ಅಚ್ಚಿನ ನಮೂನೆಯೊಂದರಲ್ಲಿ ಬರೆದುಕೊಳ್ಳುತ್ತಿದ್ದರು. ಬಹಳ ಸಲ ಒಂದು ಚೂರು ಬಟ್ಟೆಯನ್ನು ಆ ಕಾಗದಕ್ಕೆ ಚುಚ್ಚಿ ಇಡುತ್ತಿದ್ದರು. 1741ರಿಂದ 1760ರ ನಡುವೆ ಸೇರಿಸಿಕೊಂಡ ಮಕ್ಕಳ ಸಂಖ್ಯೆ 16,282. ಹಾಗೆ ಉಳಿದ ಬಟ್ಟೆಯ ಚೂರುಗಳು ಸುಮಾರು 5,000. ಹೂವಿನ ಅಚ್ಚು, ಗೆರೆ, ಚೌಕಳಿ, ಒರಟು ಉಣ್ಣೆ, ಬಣ್ಣದ ರಿಬ್ಬನ್. ಹದಿನೆಂಟನೆಯ ಶತಮಾನದ ಬ್ರಿಟನ್ನಿನ ಸಾಮಾನ್ಯರ ಬಟ್ಟೆಯ ಅತಿದೊಡ್ಡ ಸಂಗ್ರಹ ಇದು. ಯಾವ ವಸ್ತುಸಂಗ್ರಹಾಲಯವೂ ಕೂಡಿಸಲಾಗದ್ದನ್ನು ಮಕ್ಕಳನ್ನು ಕಳೆದುಕೊಂಡ ತಾಯಂದಿರ ದುರಂತ ಕೂಡಿಸಿಟ್ಟಿತು.

ಆ 16,282 ಮಕ್ಕಳಲ್ಲಿ ಮರಳಿ ತಾಯಂದಿರ ಅಥವಾ ಮನೆಯವರ ಕೈಸೇರಿದವರು 152 ಮಂದಿ ಮಾತ್ರ. ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳು ಬದುಕಿ ಉಳಿಯಲೇ ಇಲ್ಲ. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಪ್ರಕರಣವನ್ನು ನೋಡಬೇಕು. 1767ರಲ್ಲಿ ಸಾರಾ ಬೆಂಡರ್ ಎಂಬಾಕೆ ತನ್ನ ಮಗ ಚಾರ್ಲ್ಸನನ್ನು ಅಲ್ಲಿ ಬಿಟ್ಟಳು. ಹಲವು ಬಟ್ಟೆಗಳ ತುಂಡುಗಳನ್ನು ಕೂಡಿಸಿ ಹೊಲಿದು, ಅದರ ಮೇಲೆ ಹೃದಯದ ಆಕಾರ ಕಸೂತಿ ಮಾಡಿ, ಅದನ್ನು ಎರಡಾಗಿ ಕತ್ತರಿಸಲಾಗಿತ್ತು. ಅರ್ಧ ದಫ್ತರದಲ್ಲಿ ಉಳಿಯಿತು. ಆಸ್ಪತ್ರೆ ಆ ಹುಡುಗನಿಗೆ ಬೆಂಜಮಿನ್ ಟ್ವಿರ್ಲ್ ಎಂದು ಹೆಸರಿಟ್ಟಿತ್ತು. ಎಂಟು ವರ್ಷಗಳ ನಂತರ, 1775ರಲ್ಲಿ, ಸಾರಾ ಮರಳಿ ಬಂದು ಮಗನನ್ನು ಕರೆದುಕೊಂಡು ಹೋದಳು.

ಇದರ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನು ಇಟ್ಟು ನೋಡಬೇಕು. ಬಾರ್ಬರಾ ಜಾನ್ಸನ್ ಎಂಬ ಪಾದ್ರಿಯ ಮಗಳು 1746ರಿಂದ 1823ರವರೆಗಿನ ತನ್ನ ಬಟ್ಟೆಗಳ ಚೂರುಗಳನ್ನು ಲೆಕ್ಕದ ಪುಸ್ತಕವೊಂದರಲ್ಲಿ ಅಂಟಿಸಿ, ಯಾವ ಬಟ್ಟೆ, ಎಷ್ಟು ಗಜ, ಎಷ್ಟು ಬೆಲೆ, ಯಾವುದಕ್ಕೆ ಹೊಲಿಸಿದ್ದು ಎಂದು ಬರೆದಿಟ್ಟಿದ್ದಾಳೆ. ಅದು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದೇ ಕಾಲ, ಅದೇ ದೇಶ. ಎರಡು ಕಡೆಯೂ ಕಾಗದದ ಮೇಲೆ ಒಂದು ಚೂರು ಬಟ್ಟೆ, ಪಕ್ಕದಲ್ಲಿ ಎರಡು ಸಾಲು ಬರಹ. ಒಂದರಲ್ಲಿ ಬರೆದವಳು ಉಟ್ಟವಳೇ. ಇನ್ನೊಂದರಲ್ಲಿ ಬರೆದವನು ಗುಮಾಸ್ತ, ಉಟ್ಟವಳ ಹೆಸರೇ ಇಲ್ಲ. ವರ್ಗಭೇದವೆಂದರೇನು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಭಾವುಕತೆಯ ಅಪಾಯ

ಸ್ಟೈಲ್ಸರು ಈ ಚೂರುಗಳನ್ನು 2010ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ತಂದಾಗ ಅದಕ್ಕೆ 'ಥ್ರೆಡ್ಸ್ ಆಫ್ ಫೀಲಿಂಗ್' ಎಂಬ ಹೆಸರಿತ್ತು. ಭಾವನೆಯ ಎಳೆಗಳು ಎಂದು ಅರ್ಥ. ಹೆಸರು ಮನಮುಟ್ಟುವಂತಿದೆ, ಜನರೂ ಮೆಚ್ಚಿದರು. ಆದರೆ ವಿಮರ್ಶೆ ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಸಾರಾ ಬೆಂಡರಳಂತೆ ತಾಯಿಯೇ ಹೊಲಿದು ತಂದ ಗುರುತುಗಳು ಕೆಲವೇ. ಹೆಚ್ಚಿನ ಚೂರುಗಳು ಗುರುತಿಗಾಗಿ ಮಗುವಿನ ಬಟ್ಟೆಯಿಂದಲೇ ಕತ್ತರಿಸಿ ಇಟ್ಟವು. ಅವು ಕಚೇರಿಯ ಕ್ರಮದ ಭಾಗ. ಪ್ರತಿಯೊಂದು ಚೂರನ್ನೂ ತಾಯಿಯ ಪ್ರೇಮಪತ್ರವೆಂದು ಓದಿದರೆ ನಮ್ಮ ಕಣ್ಣು ಒದ್ದೆಯಾಗಬಹುದು, ಆದರೆ ಆಕೆಯ ಬಾಯಲ್ಲಿ ನಮ್ಮ ಮಾತನ್ನು ಇಟ್ಟಂತಾಗುತ್ತದೆ. ಬಿಟ್ಟುಹೋದ ಹೆಂಗಸು ಏನನ್ನು ಅನುಭವಿಸಿದಳೆಂದು ಆ ಹೂವಿನ ಬಟ್ಟೆ ಹೇಳುವುದಿಲ್ಲ. ಅದು ಹೇಳುವುದು ಇಷ್ಟೇ: ಸಾಕಲು ದಾರಿಯಿಲ್ಲದವಳ ಮನೆಯಲ್ಲೂ ಹೂವಿನ ಅಚ್ಚಿನ ಬಟ್ಟೆಯಿತ್ತು, ಅದನ್ನು ಕತ್ತರಿಸಿ ಮಗುವಿಗೆ ತೊಡಿಸಲಾಗಿತ್ತು.

ಆ ಇಷ್ಟೇ ಎಂಬುದು ಕಡಿಮೆಯೇನಲ್ಲ. ಬಡವರಿಗೆ ಮೈಮುಚ್ಚಿಕೊಂಡರೆ ಸಾಕು, ಚೆಂದದ ಹಂಬಲವೆಲ್ಲ ಉಳ್ಳವರಿಗೆ ಎಂದು ಭಾವಿಸುವವರಿಗೆ ಸ್ಟೈಲ್ಸರ ಪುಸ್ತಕ ಸರಿಯಾದ ಉತ್ತರ. ಕೂಲಿಯವಳೂ ಬಣ್ಣವನ್ನು ಆರಿಸುತ್ತಿದ್ದಳು, ಹಬ್ಬಕ್ಕೊಂದು ರಿಬ್ಬನ್ ಕೊಳ್ಳುತ್ತಿದ್ದಳು ಎಂದು ಅವರು ಆಧಾರಸಹಿತ ತೋರಿಸಿದ್ದಾರೆ. ಆದರೆ ಚೂರಿನಿಂದ ಉಡುಪಿನ ಆಕಾರ ತಿಳಿಯದು. ಆ ಹೂವಿನ ಗೌನಿನ ಕಟಿಂಗ್ ಹೇಗಿತ್ತು, ಎಷ್ಟು ಸಲ ಬಿಚ್ಚಿ ಹೊಲಿದಿದ್ದರು ಎಂದು ಊಹಿಸಲು ನಾವು ಮತ್ತೆ ಆರ್ನಾಲ್ಡರ ಚೌಕಳಿ ಕಾಗದದ ಬಳಿಗೇ ಹೋಗಬೇಕು. ಎರಡೂ ಒಟ್ಟಿಗೆ ಬೇಕು ಎಂದದ್ದು ಇದಕ್ಕೆ.

ನಮ್ಮ ಬಟ್ಟೆ, ಅವರ ಮೈ

ಈ ಚರಿತ್ರೆಯಲ್ಲಿ ನಮ್ಮ ದೇಶ ಹೊರಗಿನದಲ್ಲ. ಆ ಹೂವಿನ ಅಚ್ಚುಗಳ ಮೂಲ ಭಾರತದ ಚೀಟಿ ಬಟ್ಟೆ. ಕೋರಮಂಡಲ ಕರಾವಳಿಯ ಬಣ್ಣಗಾರರು ಪಟಿಕ ಮತ್ತು ಚಾಯಬೇರಿನಿಂದ ಹತ್ತಿಯ ಮೇಲೆ ಕೆಂಪನ್ನು ನಿಲ್ಲಿಸುತ್ತಿದ್ದರು. ಎಷ್ಟು ಒಗೆದರೂ ಹೋಗದ ಆ ಬಣ್ಣಕ್ಕೆ ಯುರೋಪಿನ ಹೆಂಗಸರು ಮರುಳಾದರು. ಅಲ್ಲಿಯ ರೇಷ್ಮೆ ಮತ್ತು ಉಣ್ಣೆಯ ನೇಕಾರರು ಕೆಲಸ ಕಳೆದುಕೊಳ್ಳುವ ಭಯದಿಂದ ಕೆರಳಿದರು. ಫ್ರಾನ್ಸ್ 1686ರಲ್ಲಿ ಇಂತಹ ಬಟ್ಟೆಯನ್ನು ನಿಷೇಧಿಸಿ 1759ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತು. ಲಂಡನ್ನಿನಲ್ಲಿ 1719ರಲ್ಲಿ ನೇಕಾರರ ಗುಂಪುಗಳು ಬೀದಿಯಲ್ಲಿ ಅಚ್ಚಿನ ಹತ್ತಿಯ ಉಡುಪು ತೊಟ್ಟ ಹೆಂಗಸರನ್ನು ತಡೆದು, ಮೈಮೇಲಿನ ಬಟ್ಟೆಯನ್ನೇ ಹರಿದುಹಾಕಿದವು. ಆ ನಂತರ ಬಂದ ಕಾನೂನು ಹರಿದವರನ್ನು ಬಿಟ್ಟು ಉಟ್ಟವಳಿಗೆ 5 ಪೌಂಡ್ ದಂಡ ವಿಧಿಸಿತು. ಅದು ರದ್ದಾದದ್ದು 1774ರಲ್ಲಿ.

ನೇಕಾರರ ಹಸಿವು ಸುಳ್ಳಲ್ಲ. ವ್ಯಾಪಾರದ ಲಾಭ ಕಂಪೆನಿಯದ್ದಾಗಿತ್ತು. ಆದರೆ ಕಂಪೆನಿಯನ್ನು ಮುಟ್ಟಲಾಗದ ಸಿಟ್ಟು ಬೀದಿಯಲ್ಲಿ ಸಿಕ್ಕಿದ ಹೆಂಗಸಿನ ಮೇಲೆ ತಿರುಗಿತು. ಹೆಣ್ಣಿನ ಉಡುಪಿನ ಮೇಲೆ ಗುಂಪು ಮತ್ತು ಕಾನೂನು ಎರಡೂ ಕೈಹಾಕುವುದು ಹೊಸತೂ ಅಲ್ಲ, ಯಾವುದೋ ಒಂದು ದೇಶದ್ದೂ ಅಲ್ಲ. ಯಾರದೋ ಜಗಳಕ್ಕೆ ಆಕೆಯ ಬಟ್ಟೆಯೇ ರಣರಂಗವಾಗುತ್ತದೆ. ಉಟ್ಟವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಫೌಂಡ್ಲಿಂಗ್ ಚೂರುಗಳು ಈ ನಿಷೇಧ ಜಾರಿಯಲ್ಲಿದ್ದ ಕಾಲದವು. ಅಷ್ಟರಲ್ಲಿ ಅಲ್ಲಿಯ ಅಚ್ಚುಗಾರರು ಲಿನನ್ ಮತ್ತು ಮಿಶ್ರ ಬಟ್ಟೆಯ ಮೇಲೆ ನಮ್ಮ ಚೀಟಿಯ ಹೂಬಳ್ಳಿಗಳನ್ನು ಅನುಕರಿಸಲು ಕಲಿತಿದ್ದರು. ಮುಂದೆ ಯಂತ್ರಗಳು ಬಂದವು, ಇಲ್ಲಿಯ ಮಗ್ಗಗಳು ಸೋತವು. ಯುರೋಪಿನ ಸಂಗ್ರಹಾಲಯಗಳಲ್ಲಿರುವ ಚೀಟಿಯ ಗೌನುಗಳ ಬಗ್ಗೆ ಬರೆಯುವಾಗ ಅದನ್ನು ತೊಟ್ಟ ಮನೆತನದ ಹೆಸರು ಬಹಳ ಸಲ ಸಿಗುತ್ತದೆ. ಬಟ್ಟೆಗೆ ಬಣ್ಣ ಹಾಕಿದವನ ಹೆಸರು ಸಿಗುವುದಿಲ್ಲ. ಗೌನು ಹೊಲಿದವಳದ್ದೂ ಸಿಗುವುದಿಲ್ಲ. ಈ ಇಬ್ಬರು ಅನಾಮಿಕರು ಒಂದೇ ಬಟ್ಟೆಯ ಮೇಲೆ ಭೇಟಿಯಾಗಿದ್ದಾರೆ. ಉಡುಪಿನ ಚರಿತ್ರೆ ಇನ್ನಷ್ಟು ಬೆಳೆಯಬೇಕಾದದ್ದು ಇವರಿಬ್ಬರನ್ನು ಒಟ್ಟಿಗೆ ನೋಡುವ ದಿಕ್ಕಿನಲ್ಲಿ. ಇಂಗ್ಲೆಂಡಿನೊಳಗೇ ನಿಲ್ಲುವ ಪುಸ್ತಕಗಳಿಗೆ ಇದು ಸಾಧ್ಯವಾಗುವುದಿಲ್ಲ.

ಇಲ್ಲಿ ಏನು ಉಳಿದಿದೆ?

ನಮ್ಮಲ್ಲಿ ಇಂತಹ ಕೆಲಸವೇ ಆಗಿಲ್ಲವೆಂದಲ್ಲ. ಅಹಮದಾಬಾದಿನ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯದ ಉಡುಪುಗಳ ಬಗ್ಗೆ ಬಿ.ಎನ್. ಗೋಸ್ವಾಮಿಯವರು ಕಲ್ಯಾಣ್ ಕೃಷ್ಣ ಅವರೊಂದಿಗೆ ಬರೆದ ಗ್ರಂಥ 1993ರಲ್ಲಿ ಬಂತು. ಆದರೆ ಅಲ್ಲಿಯೂ ಅರಮನೆಯ ಜಾಮಾ, ಜರಿಯ ಪೇಶ್ವಾಜುಗಳು ಕಣ್ಣು ತುಂಬುತ್ತವೆ. ದುಡಿಯುವ ಹೆಣ್ಣಿನ ಕುಪ್ಪಸ ಎಲ್ಲಿ? ಉತ್ತರ ಕರ್ನಾಟಕದಲ್ಲಿ ಗುಳೇದಗುಡ್ಡದ ಖಣದಿಂದ ಹೊಲಿದು ಮುಂದೆ ಗಂಟು ಹಾಕುವ ಕುಬಸದ ಕಟಿಂಗ್ ಹಳೆಯ ದರ್ಜಿಗಳ ಕೈಯಲ್ಲಿದೆ. ಎಷ್ಟು ಖಣ ಬೇಕು, ಕಂಕುಳಲ್ಲಿ ತುಂಡು ಯಾವ ಕೋನದಲ್ಲಿ ಕೂರಬೇಕು, ದಡಿ ಎಲ್ಲಿ ಬರಬೇಕು ಎಂದು ಅವರಿಗೆ ಗೊತ್ತು. ಖಣದ ನೇಯ್ಗೆಯ ಬಗ್ಗೆ ನಾವು ಹೆಮ್ಮೆಪಡುತ್ತೇವೆ, ಅದನ್ನು ಉಡುಪಾಗಿಸುವ ಜ್ಞಾನದ ಬಗ್ಗೆ ಕೇಳುವುದಿಲ್ಲ.

ನಮ್ಮ ಬಡವರ ಉಡುಪಿನ ದಫ್ತರ ಯಾವುದು ಎಂದು ಕೇಳಿದರೆ, ಕೌದಿ ಎಂದು ಹೇಳಬಹುದು. ಸವೆದ ಸೀರೆ, ಹರಿದ ಅಂಗಿ, ಮಕ್ಕಳ ಲಂಗ ಎಲ್ಲ ಕೊನೆಗೆ ಸೇರುವುದು ಅಲ್ಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದನ್ನು ಕವಂದಿ ಎನ್ನುತ್ತಾರೆ. ಸಿದ್ದಿಗಳಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಅರ್ಧಚಂದ್ರ, ಕೆಲವುಗಳಲ್ಲಿ ಶಿಲುಬೆ ಕಾಣುತ್ತದೆ. ಹೊಲಿಯುವ ಕ್ರಮ ಮಾತ್ರ ಒಂದೇ: ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವುದು, ಮೂಲೆಗಳಿಗೆ ಫುಲಾ ಎಂಬ ಮಡಿಸಿದ ತ್ರಿಕೋನ ತುಂಡುಗಳನ್ನು ಇಡುವುದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಇವುಗಳ ಪ್ರದರ್ಶನವೂ ನಡೆಯಿತು. ಅಲ್ಲಿ ಗೋಡೆಗೆ ತೂಗಿದ ಕವಂದಿಯನ್ನು ಜನ ಬಣ್ಣಗಳ ಜೋಡಣೆಯೆಂದು, ಕಲೆಯೆಂದು ಮೆಚ್ಚಿದರು. ಮೆಚ್ಚತಕ್ಕದ್ದೇ. ಆದರೆ ಅದು ಒಂದು ಕುಟುಂಬ ಹಲವು ವರ್ಷ ಏನನ್ನು ಉಟ್ಟಿತ್ತು ಎಂಬುದರ ದಾಖಲೆಯೂ ಹೌದು. ಯಾವ ತುಂಡು ಯಾರ ಸೀರೆಯದು, ಯಾವುದು ಮಗಳ ಲಂಗದ್ದು ಎಂದು ಹೊಲಿದವಳು ಬೆರಳಿಟ್ಟು ಹೇಳಬಲ್ಲಳು. ಆಕೆ ಇರುವಾಗಲೇ ಅದನ್ನು ಕೇಳಿ ಬರೆದುಕೊಳ್ಳದಿದ್ದರೆ, ನಾಳೆ ನಮ್ಮ ಮುಂದಿರುವುದು ಮಾತಿಲ್ಲದ ಚೂರುಗಳು ಮಾತ್ರ.

ಇದಕ್ಕೆ ದೊಡ್ಡ ಅನುದಾನವಾಗಲಿ ಸಂಸ್ಥೆಯಾಗಲಿ ಬೇಕಿಲ್ಲ. ಒಂದು ಅಳತೆಯ ಟೇಪು, ಚೌಕಳಿ ಕಾಗದ, ಹೊಲಿಗೆಯ ಅರಿವು, ಕೇಳಿಸಿಕೊಳ್ಳುವ ತಾಳ್ಮೆ ಸಾಕು. ಆರ್ನಾಲ್ಡ್ ಕೂಡ ಕೆಲಸವನ್ನು ಶುರುಮಾಡಿದ್ದು ಇಷ್ಟರಿಂದಲೇ. ನಮ್ಮ ಊರುಗಳ ಹೊಲಿಗೆ ತರಗತಿಗಳಲ್ಲಿ ಬ್ಲೌಸ್, ಚೂಡಿದಾರ್ ಕಲಿಯುತ್ತಿರುವ ಹುಡುಗಿಯರು ಈ ಸಂಶೋಧನೆಗೆ ಬೇಕಾದ ಮುಖ್ಯ ಅರ್ಹತೆಯನ್ನು ಆಗಲೇ ಪಡೆದಿದ್ದಾರೆ. ಅವರ ಕೈಗೆ ಅಜ್ಜಿಯ ಕುಪ್ಪಸವೊಂದನ್ನು ಕೊಟ್ಟು, ಹೊಲಿಗೆ ಬಿಚ್ಚದೆ ಇದನ್ನು ಅಳೆದು ನಕ್ಷೆ ಬರೆಯಿರಿ, ಯಾರು ಹೊಲಿದದ್ದೆಂದು ಕೇಳಿ ಹೆಸರನ್ನೂ ಬರೆಯಿರಿ ಎಂದು ಹೇಳುವ ಶಿಕ್ಷಕಿಯರು ಬೇಕಾಗಿದ್ದಾರೆ. ಲಂಡನ್ನಿನ ದಫ್ತರದಲ್ಲಿ ಇಲ್ಲದೆ ಹೋದದ್ದು ಆ ಹೆಸರೇ.